ಎಲೆ ಕೆಂಪಾಗದ ಪಾರ್ಕಿನಲ್ಲಿ

ಹೊಸದಾಗಿ ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಹಲಸೂರಿನ ನಮ್ಮ ಮನೆಗೆ ಬಂದಿದ್ದಳು. ಮುಖ ಸಪ್ಪಗಿತ್ತು. "ಅಕ್ಕಾ, ನನ್ನ ಜೊತೆ ಟ್ರೈನಿಂಗ್ ಮಾಡಿದವರಿಗೆಲ್ಲ ಆನೆ ಇರೋ ಕಾಡು ಸಿಕ್ತು. ನನಗೆ ನೋಡಿ, ಕೆ.ಆರ್. ಪುರದ ಆಚೆ ಒಂದು ಪಾರ್ಕು. ಅಲ್ಲಿ ಕಾಯೋಕೆ ಏನಿದೆ?" ಅಂದಳು.

"ಜನ ಇದ್ದಾರಲ್ಲಮ್ಮ. ಆನೆಗಿಂತ ಕಷ್ಟ" ಅಂದೆ.

ಅವಳು ನಗಲಿಲ್ಲ. ಕಾಫಿ ಕುಡಿದು, ಕಾಲೆಳೆದುಕೊಂಡು ಹೋದಳು. ಆ ಪಾರ್ಕಿನಲ್ಲೇ ನನ್ನ ಸರ್ವೀಸಿನ ಬಹುಪಾಲು ಕಳೆದುಹೋಯಿತು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಇದನ್ನು ಅವಳಿಗೆಂದೇ ಬರೆಯುತ್ತಿದ್ದೇನೆ. ಯಾವ ವರ್ಷ ನಾನು ಏನಾದೆ, ಭುಜದ ಮೇಲಿನ ಪಟ್ಟಿ ಯಾವಾಗ ಹೆಚ್ಚಾಯಿತು ಅನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ಪಟ್ಟಿ ಹೆಚ್ಚಾದಾಗಲೆಲ್ಲ ಜೊತೆಗೆ ಹೆಚ್ಚಾದದ್ದು ಮೀಟಿಂಗ್ ಮಾತ್ರ.

ನನ್ನ ಮನೆಯವರಿಗೂ ಮೊದಲಿನಿಂದ ಇದೇ ಅನುಮಾನ. ಹಲಸೂರಿನಲ್ಲಿ ಹುಟ್ಟಿ, ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ದಖನಿ ಉರ್ದು ಮಾತಾಡಿಕೊಂಡು ಬೆಳೆದವಳು ನಾನು. ಖಾಕಿ ಹಾಕಿಕೊಂಡು ಮೊದಲ ದಿನ ಹೊರಟಾಗ ಅಮ್ಮ ಪಕ್ಕದ ಮನೆಯವರಿಗೆ, "ನಮ್ಮ ಪದ್ಮಾ ಪೊಲೀಸು" ಅಂತ ಹೇಳಿದಳು. ಅಲ್ಲ ಅಂತ ತಿದ್ದಿದರೆ, "ಮರ ಕಾಯೋಕೆ ಪರೀಕ್ಷೆ ಬರೆದೆಯಾ? ಮರ ಎಲ್ಲಿಗೆ ಓಡಿಹೋಗುತ್ತೆ?" ಅಂತ ಕೇಳಿದಳು. ರಾತ್ರೋರಾತ್ರಿ ಶ್ರೀಗಂಧ ಓಡಿಹೋದ ಕಥೆಗಳನ್ನು ಹೇಳಿದ ಮೇಲೆ ಸ್ವಲ್ಪ ಮರ್ಯಾದೆ ಬಂತು.

ನಮ್ಮದು ಇಲಾಖೆಯ ಪಾರ್ಕು. ಒಂದು ಕಾಲಕ್ಕೆ ಬರೀ ನೀಲಗಿರಿ ನೆಟ್ಟಿದ್ದ ಜಾಗ. ಆಮೇಲೆ ನೀಲಗಿರಿ ತೆಗೆದು ಹೊಂಗೆ, ನೇರಳೆ, ಬೇವು, ಆಕಾಶಮಲ್ಲಿಗೆ ಬೆಳೆಸಿದೆವು. ಒಂದು ಮಗ್ಗುಲಿಗೆ ಕೆರೆ. ಅದರ ದಂಡೆಯಲ್ಲಿ ನಮಗಿಂತ ಮೊದಲೇ ಇದ್ದ ಕೆಲವು ಅತ್ತಿಮರಗಳು. ಹುಲಿ, ಚಿರತೆ ಏನೂ ಇಲ್ಲ. ಆದರೂ "ಮೇಡಂ, ಚಿರತೆ ಎಷ್ಟು ಗಂಟೆಗೆ ಬರುತ್ತೆ?" ಅಂತ ಬಸ್ಸಿನ ಟೈಮ್ ಕೇಳಿದ ಹಾಗೆ ಕೇಳುವವರು ಪ್ರತಿ ಭಾನುವಾರ ಸಿಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಪಾಪ, ಟಿಕೆಟ್ ಕೊಟ್ಟು ಬಂದಿರುತ್ತಾರೆ.

ಮಾರತ್ತಹಳ್ಳಿಯ ಯಾವುದೋ ಆಫೀಸಿನವರು ಒಮ್ಮೆ ಔಟಿಂಗ್ ಬಂದಿದ್ದರು. ಎಲ್ಲರನ್ನೂ ಹೊಂಗೆಮರದ ಕೆಳಗೆ ಕೂರಿಸಿ, ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಳ್ಳಿ ಅಂದೆ. ಒಳ್ಳೆಯ ಹುಡುಗರು, ಹೇಳಿದಂತೆ ಕೂತರು. ಅಷ್ಟರಲ್ಲಿ ಕುಟ್ರುಹಕ್ಕಿಯೊಂದು ಕುಟ್ರು, ಕುಟ್ರು, ಕುಟ್ರು ಅಂತ ಶುರುಮಾಡಿತು. ಅವರ ಮ್ಯಾನೇಜರ್ ಕಣ್ಣು ಬಿಡದೆಯೇ, "ಗುರು, ಯಾರದೋ ಅದು, ಸೈಲೆಂಟಿಗೆ ಹಾಕ್ರೋ" ಅಂದರು. ನಾಲ್ಕೈದು ಜನ ಜೇಬು ತಡಕಿಕೊಂಡರು.

ನಮ್ಮವರೇನೂ ಕಡಿಮೆಯಿಲ್ಲ. 'ಮರಕ್ಕೆ ಮೊಳೆ ಹೊಡೆಯಬಾರದು' ಅನ್ನುವ ಬೋರ್ಡನ್ನು ನಾವು ಮರಕ್ಕೆ ಮೊಳೆ ಹೊಡೆದೇ ಹಾಕಿದ್ದೆವು. ವಾಕಿಂಗ್ ಬರುವ ಹಿರಿಯರೊಬ್ಬರು ಅದರ ಮುಂದೆ ನಿಂತು ದಿನಾ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು. ಯಾಕೆ ಅಂತ ನಮಗೆ ಅರ್ಥವಾಗುವ ಹೊತ್ತಿಗೆ ಬೋರ್ಡಿನ ಬಣ್ಣ ಮಾಸಿತ್ತು.

ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಒಂದು ಶರತ್ಕಾಲದ ಕಥೆ.

ಆಗ ನಮಗೆ ರೇಂಜ್ ಆಫೀಸರ್ ಆಗಿದ್ದವರು ಚನ್ನಬಸಪ್ಪ ಸಾಹೇಬರು. ಧಾರವಾಡದ ಕಡೆಯವರು. ದೊಡ್ಡ ದೇಹ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಉತ್ಸಾಹ. ಬೇರೆ ಮೇಲಧಿಕಾರಿಗಳು ಪಾರ್ಕಿಗೆ ಬಂದರೆ ಜೀಪಿನಿಂದ ಇಳಿಯುತ್ತಿರಲಿಲ್ಲ. ಇವರು ಬಂದರೆ ನಮ್ಮನ್ನು ಕೂರಲು ಬಿಡುತ್ತಿರಲಿಲ್ಲ. ಯಾವುದೋ ಟ್ರೈನಿಂಗಿಗೆ ಕಾಶ್ಮೀರಕ್ಕೆ ಹೋಗಿ ಬಂದ ಮೇಲಂತೂ ಅವರ ಫೋನ್ ತುಂಬ ಕೆಂಪು ಎಲೆಗಳ ಫೋಟೊ. ಅಕ್ಟೋಬರಿನಲ್ಲಿ ನಮ್ಮ ಪಾರ್ಕಿಗೆ ಬಂದವರು ಸುತ್ತ ನೋಡಿ ನಿಟ್ಟುಸಿರು ಬಿಟ್ಟರು.

"ಪದ್ಮಾ ಮೇಡಮ್ಮಾರ, ಎಲಿ ಎಲ್ಲಾ ಇನ್ನೂ ಹಸರ ಅದಾವಲ್ರೀ?"

"ಮಳೆ ಈಗ ನಿಂತಿದೆ ಸಾರ್. ನಮ್ಮಲ್ಲಿ ಈಗಲೇ ಅತಿ ಹಸಿರು."

"ಒಂದರ ಗಿಡ ಕೆಂಪಾಗೂದಿಲ್ಲೇನು?"

"ಬಾದಾಮಿ ಮರ ಆಗುತ್ತೆ ಸಾರ್, ಸಂಕ್ರಾಂತಿ ಹೊತ್ತಿಗೆ."

"ಅಲ್ಲಿ ಮಟಾ ಯಾರು ಕಾಯ್ತಾರ್ರೀ" ಅಂದವರೇ ಶರತ್ಕಾಲದ ನಡಿಗೆ ಅಂತ ಒಂದು ಭಾನುವಾರ ಗೊತ್ತುಮಾಡಿದರು. ಶಿವಾಜಿನಗರದ ಪ್ರಿಂಟಿಂಗ್ ಅಂಗಡಿಯಲ್ಲಿ ಬ್ಯಾನರ್ ಮಾಡಿಸಿದರು. ಅಂಗಡಿಯವನು ತನ್ನ ಕಂಪ್ಯೂಟರಿನಲ್ಲಿದ್ದ ಚಿತ್ರ ಹಾಕಿ ಕೊಟ್ಟ. ಬ್ಯಾನರ್ ತುಂಬ ಕೇಸರಿ, ಕೆಂಪು ಎಲೆಗಳು. ನಡುವೆ ಸ್ವೆಟರ್ ಹಾಕಿಕೊಂಡ ವಿದೇಶದ ಜೋಡಿ. ಕೆಳಗೆ ನಮ್ಮ ಪಾರ್ಕಿನ ಹೆಸರು. ಕಮ್ಮನಹಳ್ಳಿಯಿಂದ ದೊಮ್ಮಲೂರಿನವರೆಗೂ ಅದರ ಫೋಟೊ ಫೋನಿನಿಂದ ಫೋನಿಗೆ ಹಬ್ಬಿತು.

ಜನ ಬಂದರು ನೋಡಿ! ಭಾನುವಾರ ಗೇಟು ತೆಗೆಯುವಷ್ಟರಲ್ಲಿ ರಸ್ತೆಯವರೆಗೆ ಸಾಲು. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಕೆಂಪು ಎಲೆ ಯಾವ ಕಡೆ?" ಮೊದಮೊದಲು ವಿವರಿಸಿದೆ. ಆಮೇಲೆ ಸುಸ್ತಾಗಿ, "ಹೀಗೇ ಹೋಗಿ, ಚಿಟ್ಟೆ ಸಿಗುತ್ತೆ" ಅನ್ನತೊಡಗಿದೆ. ಅದು ಸುಳ್ಳಲ್ಲ. ಮಳೆ ಮುಗಿದ ಆ ದಿನಗಳಲ್ಲಿ ನಮ್ಮ ಪಾರ್ಕು ಮದುವೆಮನೆಯಂತಿರುತ್ತದೆ. ಪೊದೆಪೊದೆಗೂ ಜೇಡರ ಬಲೆ, ಅದರ ಮೇಲೆ ಇಬ್ಬನಿ. ಹಳದಿ ಹೂವಿನ ಗಿಡಗಳಿಗೆ ಮುತ್ತಿಕೊಂಡ ಕಪ್ಪು ಚಿಟ್ಟೆಗಳು. ಆಕಾಶಮಲ್ಲಿಗೆಯ ಕೆಳಗೆ ನೆಲ ಕಾಣದಷ್ಟು ಬಿಳಿ ಹೂವು. ಬಂದವರು ಒಂದು ಗಳಿಗೆ ಮುಖ ಊದಿಸಿಕೊಂಡರೂ, ಸ್ವಲ್ಪ ಹೊತ್ತಿಗೆಲ್ಲ ಹೂವು ಆಯುತ್ತ ಕೂತರು. ವಾಲಿಬಾಲ್ ಆಡಿದರು, ಹಗ್ಗ ಜಗ್ಗಿದರು. ಸಾಹೇಬರು ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸೇರಿಕೊಂಡು ಎರಡೂ ಕಡೆ ಸೋತರು.

ಆ ಗುಂಪಿನಲ್ಲಿ ಶಿವಾಜಿನಗರದಿಂದ ಬಂದ ಒಂದು ಕುಟುಂಬವಿತ್ತು. ಚಾಪೆ, ಬುತ್ತಿ, ಫ್ಲಾಸ್ಕ್, ಮಕ್ಕಳು, ಮಕ್ಕಳ ಸೈಕಲ್ಲು. ಮನೆಯ ಯಜಮಾನ ರಫೀಕ್, ನಲವತ್ತು ದಾಟಿದ ಮನುಷ್ಯ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು. ಬಂದಾಗಿನಿಂದ ಫೋನಿನಲ್ಲಿ ಫ್ರೇಮು, ಲೆನ್ಸು ಅಂತ ಅಂಗಡಿ ನಡೆಸುತ್ತಲೇ ಇದ್ದರು. ಹೆಂಡತಿ ಶಬಾನಾ ಎಲ್ಲರಿಗೂ ಬಡಿಸುತ್ತಿದ್ದರು. ರಫೀಕ್ ಅವರ ತಾಯಿ ಜುಲೇಖಾ ಬೀ, ಎಪ್ಪತ್ತರ ಆಸುಪಾಸು. ಅವರನ್ನು ಮಾತ್ರ ಚಾಪೆಯ ನಡುವೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಅವರು ಏಳಹೋದರೆ ಯಾರಾದರೊಬ್ಬರು, "ಎಲ್ಲಿಗೆ? ಮಂಡಿ ನೋವು, ಕೂತ್ಕೊಳ್ಳಿ" ಅನ್ನುತ್ತಿದ್ದರು. ನಾನು ಅತ್ತ ಹಾದು ಹೋಗುವಾಗ ಅಜ್ಜಿ ನನ್ನನ್ನೊಮ್ಮೆ ನೋಡಿ, "ಬೇಟಿ, ಕೆರೆ ಎಷ್ಟು ದೂರ?" ಅಂತ ಕೇಳಿದರು. ಹತ್ತಿರವೇ ಅಂತ ಕೈತೋರಿಸಿ ಮುಂದೆ ಹೋದೆ.

ಬಿಸಿಲು ಏರುವ ಹೊತ್ತಿಗೆ ಶಬಾನಾ ಓಡಿಬಂದರು. "ಮೇಡಂ, ನಮ್ಮತ್ತೆ ಕಾಣಿಸ್ತಿಲ್ಲ. ಮಗುಗೆ ಕೈ ತೊಳ್ಸಕ್ಕೆ ನಲ್ಲಿ ಹತ್ರ ಹೋಗಿದ್ದೆ, ಅಷ್ಟೇ. ವಾಪಸ್ ಬಂದ್ರೆ ದಿಂಬು ಮಾತ್ರ ಇದೆ."

ಮೊದಲಿಗೆ ನಾನು ಗಾಬರಿಯಾಗಲಿಲ್ಲ. ಪಾರ್ಕಿನಲ್ಲಿ ದಿನಾ ಯಾರಾದರೂ ಕಳೆದುಹೋಗಿ ಐಸ್‌ಕ್ರೀಂ ಗಾಡಿಯ ಮುಂದೆ ಸಿಗುತ್ತಾರೆ. ನಾನು ಸೇರಿದ ಕಾಲದಲ್ಲಾದರೆ ಸೀಟಿ ಊದಿಕೊಂಡು ಒಂದು ಸುತ್ತು ಹಾಕುತ್ತಿದ್ದೆವು. ಈಗ ಮೈಕ್ ಇತ್ತು. ಸಾಹೇಬರು ಅದನ್ನು ಕೈಗೆ ತೆಗೆದುಕೊಂಡು, "ಜುಲೇಖಾ ಬೀ ಅನ್ನೂ ಹಿರ್‍ಯಾರು ಎಲ್ಲಿದ್ರೂ ಗೇಟಿನ ಹತ್ರ ಬರಬೇಕು" ಅಂತ ಗುಡುಗಿದರು. ಗೇಟಿನ ಹತ್ತಿರ ಬೇರೆ ಮೂವರು ಅಜ್ಜಿಯರು ಬಂದರು. ಇವರು ಬರಲಿಲ್ಲ.

ಮೈಕು ಎರಡನೇ ಸಲ, ಮೂರನೇ ಸಲ ಕೂಗಿತು. ನಗುನಗುತ್ತ ಹುಡುಕುತ್ತಿದ್ದವರ ಮುಖ ಬದಲಾಯಿತು. ರಫೀಕ್ ಫೋನ್ ಜೇಬಿಗೆ ಹಾಕಿ ಎಲ್ಲರೆದುರಿಗೇ ಹೆಂಡತಿಯ ಮೇಲೆ ರೇಗಿದರು. "ಒಂದು ಗಳಿಗೆ ನೋಡ್ಕೊಳ್ಳಕ್ಕೆ ಆಗ್ಲಿಲ್ವಾ ನಿನಗೆ? ಶುಗರ್ ಇರೋರು. ಮಾತ್ರೆ ಬೇರೆ ತಗೊಂಡಿಲ್ಲ."

ಶಬಾನಾ ದುಪಟ್ಟಾ ಬಿಗಿಮಾಡಿಕೊಂಡು ಬಿದಿರು ಮೆಳೆಯ ಕಡೆ ಹುಡುಕಲು ಓಡಿದರು.

ಅಜ್ಜಿ ಕೆರೆ ಕೇಳಿದ್ದು ನನಗೆ ಆಗ ನೆನಪಾಯಿತು. ಆ ವರ್ಷ ಮಳೆ ಜೋರು. ಕೆರೆ ತುಂಬಿ ದಂಡೆಯೆಲ್ಲ ಜಾರುತ್ತಿತ್ತು. ನಾನು ಒಬ್ಬಳೇ ಕೆರೆಯ ದಾರಿ ಹಿಡಿದು ಹೊರಟೆ. ಹುಲ್ಲು ಮೊಣಕಾಲಿನ ತನಕ ಬೆಳೆದಿತ್ತು. ದಂಡೆಯ ಅಂಚಿಗೆ ಬಂದು ನೋಡಿದರೆ ನೀರಿನ ಪಕ್ಕದಲ್ಲೇ ಒಂದು ಜೊತೆ ಚಪ್ಪಲಿ. ಕಂದು ಬಣ್ಣದ, ಮೆತ್ತನೆಯ, ಮಂಡಿನೋವಿನವರು ಹಾಕುವ ಚಪ್ಪಲಿ. ಮಸೀದಿಯ ಬಾಗಿಲಲ್ಲಿ ಬಿಟ್ಟಂತೆ ಜೋಡಿಸಿ ಇಟ್ಟಿತ್ತು.

ಆ ನೀರನ್ನು ಎಷ್ಟೋ ವರ್ಷದಿಂದ ನೋಡಿದವಳು ನಾನು. ಅಂದು ಅದರ ಕಡೆ ನೋಡಲಾಗಲಿಲ್ಲ. "ಅಮ್ಮಾ!" ಅಂತ ಕೂಗಿದೆ. ಇನ್ನೊಮ್ಮೆ ಜೋರಾಗಿ, "ಜುಲೇಖಾ ಅಮ್ಮಾ!" ಅಂತ ಕೂಗಿದೆ.

"ಶ್ಶ್! ಚುಪ್!"

ದನಿ ನೆತ್ತಿಯ ಮೇಲಿಂದ ಬಂತು. ತಲೆಯೆತ್ತಿದೆ. ನೀರಿನ ಮೇಲಕ್ಕೆ ಬಾಗಿದ್ದ ಹಳೆಯ ಅತ್ತಿಮರದ ಕವಲಿನಲ್ಲಿ, ಕಾಂಡಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಇಳಿಬಿಟ್ಟುಕೊಂಡು ಜುಲೇಖಾ ಬೀ ಕೂತಿದ್ದರು. ಮಡಿಲ ತುಂಬ ಅತ್ತಿಹಣ್ಣು.

"ಕೂಗಬೇಡ ಬೇಟಿ. ಆ ಹಕ್ಕಿ ಹಾರ್‍ಹೋಗುತ್ತೆ" ಅಂತ ಪಿಸುಗುಟ್ಟಿ ಕೆರೆಯ ಕಡೆ ಬೆರಳು ಮಾಡಿದರು. ಕಪ್ಪುಬಿಳಿ ಮಿಂಚುಳ್ಳಿಯೊಂದು ನೀರಿನ ಮೇಲೆ ಇದ್ದಲ್ಲೇ ರೆಕ್ಕೆ ಬಡಿಯುತ್ತ ನಿಂತಿತ್ತು. ನಾನೂ ಬಾಯಿ ಮುಚ್ಚಿ ನೋಡಿದೆ. ಅದು ಕಲ್ಲಿನಂತೆ ಬಿತ್ತು, ಮೀನು ಹಿಡಿದು ಎದ್ದಿತು. ಅಜ್ಜಿ ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು.

"ಅಮ್ಮಾ, ಅಲ್ಲಿ ಎಲ್ಲರೂ ಅಳ್ತಿದ್ದಾರೆ. ಮೈಕಲ್ಲಿ ನಿಮ್ಮ ಹೆಸರು ಕೂಗಿದ್ದು ಕೇಳಿಸ್ಲಿಲ್ವಾ?"

"ಹೌ. ಕೇಳಿಸ್ತು. ಒಳ್ಳೇ ದನಿ ಆ ಸಾಹೇಬರದ್ದು."

"ಮತ್ತೆ ಯಾಕೆ ಓಗೊಡಲಿಲ್ಲ?"

ಅವರು ಒಂದು ಹಣ್ಣು ಬಿಡಿಸಿ, ಹುಳು ನೋಡಿ, ಊದಿ ಬಾಯಿಗೆ ಹಾಕಿಕೊಂಡರು. "ಮದುವೆ ಆದಾಗಿಂದ ಯಾರು ಕರೆದ್ರೂ 'ಹೌ, ಆಯಿ', ಬಂದೆ ಬಂದೆ ಅಂತ ಓಡಿದ್ದೀನಿ. ಅತ್ತೆ ಕರೆದ್ರು, ಗಂಡ ಕರೆದ, ಮಕ್ಕಳು ಕರೆದ್ರು. ಇವತ್ತು ಮರದ ಮೇಲಿದ್ದೆ. ಬಾಯಿಂದ ಬರ್ಲಿಲ್ಲ." ಇನ್ನೊಂದು ಹಣ್ಣು ಕಿತ್ತು, "ನಮ್ಮ ಊರು ಕೋಲಾರದ ಹತ್ರ. ಹುಣಸೆಮರ ಹತ್ತೋದ್ರಲ್ಲಿ ನನ್ನ ಅಣ್ಣಂದಿರೇ ನನಗೆ ಸಮ ಇರ್ಲಿಲ್ಲ. ಶಿವಾಜಿನಗರದಲ್ಲಿ ಮಹಡಿ ಮೆಟ್ಟಿಲು ಬಿಟ್ಟು ಇನ್ನೇನು ಹತ್ತಿದೀನಿ ಹೇಳು" ಅಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆದರೆ ಅತ್ತ ಒಬ್ಬ ಹೆಂಗಸು ಬಿದಿರು ಮೆಳೆಯಲ್ಲಿ ಅಳುತ್ತ ಹುಡುಕುತ್ತಿದ್ದಳು. "ನಿಮ್ಮ ಸೊಸೆಗೆ ಬೈಗುಳ ಬಿತ್ತು ಅಮ್ಮಾ, ಎಲ್ಲರ ಮುಂದೆ" ಅಂದೆ.

ಅಜ್ಜಿಯ ನಗು ಅಲ್ಲಿಗೆ ನಿಂತಿತು. "ಯಾರು ಬೈದಿದ್ದು? ರಫೀಕಾ?" ಅಂತ ಕೇಳಿ ಕೈಯಲ್ಲಿದ್ದ ಹಣ್ಣನ್ನು ಮಡಿಲಿಗೆ ಹಾಕಿದರು. ಆಮೇಲೆ, "ಅವಳನ್ನ ಕರಿ. ಅವಳನ್ನ ಒಬ್ಬಳನ್ನೇ ಮೊದಲು ಕರಿ" ಅಂದರು.

ಶಬಾನಾ ಅವರ ನಂಬರ್ ತೆಗೆದುಕೊಂಡಿದ್ದೆ. ಫೋನ್ ಮಾಡಿ, ಸಿಕ್ಕಿದ್ದಾರೆ, ಚೆನ್ನಾಗಿದ್ದಾರೆ, ಗಂಡನಿಗೂ ಹೇಳಿಬಿಡಿ, ಆದರೆ ನೀವು ಮೊದಲು ಬನ್ನಿ ಅಂದೆ. ಅವರು ಬಂದರು. ಚಪ್ಪಲಿ ನೋಡಿದರು, ಮೇಲೆ ನೋಡಿದರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗಲಿಲ್ಲ. ಬಹುಶಃ ಎರಡೂ.

"ನಕ್ಕೋ, ಅಳಬೇಡ. ಮೇಲೆ ಬಾ" ಅಂದರು ಅತ್ತೆ. "ಅಲ್ಲಿ ಕಾಲಿಡು. ಆ ಗಂಟಿನ ಮೇಲೆ. ಹಾಂ, ಈಗ ಕೈ ಕೊಡು."

ನಾನು ಬೇಡ ಅನ್ನಬೇಕಿತ್ತು. ಶಬಾನಾ ಆಗಲೇ ಚಪ್ಪಲಿ ಬಿಟ್ಟಾಗಿತ್ತು. ಬಾಗಿದ ಕಾಂಡ, ಮೆಟ್ಟಿಲಿನಷ್ಟೇ ಸುಲಭ. ಅತ್ತೆ ತನ್ನ ಮಡಿಲಿನ ಹಣ್ಣನ್ನು ಸೊಸೆಯ ಮಡಿಲಿಗೆ ಸುರಿದು, ದಖನಿಯಲ್ಲಿ ಏನೋ ಹೇಳಿ ಅವಳ ತಲೆ ಸವರಿದರು. ಆ ಮಾತು ನನಗೆ ಕೇಳಿಸಿತು. ಅದು ಅವರಿಬ್ಬರದು, ಇಲ್ಲಿ ಬರೆಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಸಾಹೇಬರು, ಅವರ ಹಿಂದೆ ರಫೀಕ್ ಓಡಿಬಂದರು. ಇಬ್ಬರೂ ಮರದ ಬುಡದಲ್ಲಿ ನಿಂತು ಏದುಸಿರು ಬಿಡುತ್ತ ಮೇಲೆ ನೋಡಿದರು. ಮರದ ಪಕ್ಕದಲ್ಲಿ ಕಂಬ ನೆಟ್ಟು ಹಾಕಿದ ಬೋರ್ಡಿತ್ತು: 'ಮರ ಹತ್ತುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.' ಸಾಹೇಬರು ಬೋರ್ಡ್ ಓದಿದರು. ಮತ್ತೆ ಮೇಲೆ ನೋಡಿದರು.

"ಪದ್ಮಾ ಮೇಡಮ್ಮಾರ, ಈ ಬೋರ್ಡ್ ಯಾರು ಹಾಕಿಸ್ಯಾರ?"

"ನೀವೇ ಸಾರ್."

"ಹಂಗಾರ ಅದನ್ನ ಸ್ವಲ್ಪ ಆ ಕಡಿ ತಿರಿಗಿಸ್ರಿ."

ರಫೀಕ್ ಎರಡೂ ಕೈಯಿಂದ ಕಾಂಡ ಹಿಡಿದುಕೊಂಡರು. ಕೊನೆಗೆ, "ಅಮ್ಮೀ, ಬಿದ್ದಿದ್ರೆ ಏನು ಗತಿ?" ಅಂದರು. ದನಿ ಮಗುವಿನದಾಗಿತ್ತು.

"ಬೀಳಲಿಲ್ಲ ಅಲ್ವಾ? ಮೊದಲು ನಿನ್ನ ಹೆಂಡತಿಗೆ ಸಾರಿ ಕೇಳು. ಎಲ್ಲರ ಮುಂದೆ ಬೈದಿದೀಯ, ಎಲ್ಲರ ಮುಂದೆ ಕೇಳು."

ಎಲ್ಲರೂ ಅಂದರೆ ನಾನು, ಸಾಹೇಬರು ಮತ್ತು ಮಿಂಚುಳ್ಳಿ. ರಫೀಕ್ ತಲೆತಗ್ಗಿಸಿ, "ತಪ್ಪಾಯ್ತು ಶಬಾನಾ" ಅಂದರು. ಶಬಾನಾ ಮರದ ಮೇಲಿಂದ, "ಸರಿಯಾಗಿ ಕೇಳಿಸ್ಲಿಲ್ಲ" ಅಂದರು. ಸಾಹೇಬರು ಜೋರಾಗಿ ನಕ್ಕ ಸದ್ದಿಗೆ ಆ ಹಕ್ಕಿ ಹೋಯಿತು.

ಅಜ್ಜಿಗೆ ಹತ್ತಿದಷ್ಟು ಸುಲಭವಾಗಿ ಇಳಿಯಲಾಗಲಿಲ್ಲ. ಮಂಡಿ ಹಟ ಹಿಡಿಯಿತು. ಲೈಟ್ ರಿಪೇರಿಯ ಏಣಿ ತರಿಸಿ, ನಾವು ಮೂವರು ಹಿಡಿದುಕೊಂಡು, ಶಬಾನಾ ಮೇಲಿಂದ ಕೈ ಕೊಟ್ಟು ಇಳಿಸಿದೆವು. ಮಾತ್ರೆ ಕೊಟ್ಟು, ಊಟ ಮಾಡಿಸಿದರು. ಆ ಬಿರಿಯಾನಿಯಲ್ಲಿ ನಮಗೂ ಪಾಲು ಬಂತು. ಶುದ್ಧ ಸಸ್ಯಾಹಾರಿ ಸಾಹೇಬರು ಮೊಸರು ಬಜ್ಜಿ ಮತ್ತು ಅತ್ತಿಹಣ್ಣಿನಲ್ಲಿ ಹೊಟ್ಟೆ ತುಂಬಿಸಿಕೊಂಡರು. ಕೆಂಪು ಎಲೆಯ ಬ್ಯಾನರನ್ನು ಸಂಜೆ ತಾವೇ ಬಿಚ್ಚಿ, ಸಸಿಗಳಿಗೆ ನೆರಳು ಮಾಡಲು ಕೊಟ್ಟರು. ಮುಂದಿನ ವರ್ಷದ ಬ್ಯಾನರಿಗೆ ನಮ್ಮ ಕೆರೆಯ ಫೋಟೊವನ್ನೇ ಹಾಕಿಸಿದರು. ಸ್ವೆಟರಿನ ಜೋಡಿಯನ್ನು ಮಾತ್ರ ಅಂಗಡಿಯವನು ಬಿಡಲಿಲ್ಲ.

ಆ ಬೋರ್ಡ್ ಈಗಲೂ ಅಲ್ಲಿದೆ. ಇರಲಿ. ಎಲ್ಲರೂ ಹತ್ತತೊಡಗಿದರೆ ಮರ ಉಳಿಯುವುದಿಲ್ಲ.

ಅದಾದ ಮುಂದಿನ ವಾರ, ಜನವೇ ಇಲ್ಲದ ಒಂದು ಬೆಳಿಗ್ಗೆ, ರಫೀಕ್ ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಅಂಗಡಿ ತೆಗೆಯಲು ಹೊರಟವರ ಹಾಗೆ. ಮರೆತುಹೋದ ಚಾಪೆಗೇನಾದರೂ ಬಂದರೇ ಅಂತ ಕೇಳಿದೆ. ಇಲ್ಲ ಅಂತ ತಲೆಯಾಡಿಸಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಮೇಡಂ, ತಪ್ಪು ತಿಳ್ಕೋಬೇಡಿ. ನಾನು ಹುಟ್ಟಿ ಬೆಳೆದಿದ್ದೆಲ್ಲ ಶಿವಾಜಿನಗರ. ಮರ ಹತ್ತಿಲ್ಲ. ಒಂದ್ಸಲ... ಯಾರೂ ಇಲ್ದೇ ಇರೋವಾಗ..."

ಕೆರೆಯ ದಂಡೆ ತನಕ ಅವರ ಜೊತೆ ನಡೆದೆ. ಅಲ್ಲಿಗೆ ಹೋದ ಮೇಲೆ ನನಗೆ ಬೆಳ್ಳಕ್ಕಿ ಎಣಿಸುವ ಕೆಲಸ ನೆನಪಾಗಿ, ಮರಕ್ಕೆ ಬೆನ್ನು ಹಾಕಿ ನಿಂತೆ. ಹಿಂದಿನಿಂದ ಬೂಟು ಬಿಚ್ಚಿದ ಸದ್ದು, ಉಸ್ಸೆಂಬ ಸದ್ದು, ಅಂಗಿ ಹರಿದ ಸದ್ದು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಅವರ ಫೋನ್ ಒಮ್ಮೆ ಹೊಡೆದುಕೊಂಡು ತಾನೇ ಸುಮ್ಮನಾಯಿತು.

"ಮೇಡಂ" ಅಂತ ಸಣ್ಣ ದನಿ ಬಂತು. ತಿರುಗಿ ನೋಡಿದೆ. ತಾಯಿ ಕೂತಿದ್ದ ಕವಲಿಗಿಂತ ಒಂದು ಕವಲು ಮೇಲೆ, ಕೊಂಬೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದರು. ಮುಖ ತುಂಬ ಬೆವರು, ಮುಖ ತುಂಬ ನಗು.

"ಇಳಿಯೋದು ಹೇಗೆ?"

"ಗೊತ್ತಿರೋರನ್ನ ಕೇಳಿ" ಅಂದೆ.

ಅವರು ಒಂದು ಕೈ ಬಿಡಿಸಿಕೊಂಡು, ಬಹಳ ಜೋಪಾನವಾಗಿ ಫೋನ್ ತೆಗೆದರು. "ಅಮ್ಮೀ, ಎಲ್ಲಿದೀನಿ ಹೇಳು ನೋಡೋಣ" ಅಂದರು. ಆ ಕಡೆಯ ನಗು ಕೆಳಗೆ ನಿಂತ ನನಗೇ ಕೇಳಿಸಿತು. ಎಷ್ಟೋ ಹೊತ್ತು ನಿಲ್ಲಲಿಲ್ಲ. ಆಮೇಲೆ ಜುಲೇಖಾ ಬೀ ಹೇಳತೊಡಗಿದರು. ರಫೀಕ್ ಫೋನನ್ನು ಸ್ಪೀಕರಿಗೆ ಹಾಕಿ ಅಂಗಿಯ ಜೇಬಿಗೆ ಇಳಿಸಿದರು. ಮುಖ ಮರದ ಕಡೆಗಿರಲಿ. ಕೆಳಗೆ ನೋಡಬೇಡ. ಎಡಗಾಲು ಮೊದಲು. ಗಂಟು ಸಿಕ್ತಾ? ಸಿಕ್ತು ಅಮ್ಮೀ. ಭಾರ ಹಾಕು. ಈಗ ಬಲಗೈ ಬಿಡು. ಜೇಬಿನೊಳಗಿನ ದನಿ ಹೇಳಿದಂತೆ ಆ ದೊಡ್ಡ ಮನುಷ್ಯ ಒಂದೊಂದೇ ಕವಲು ಇಳಿದು ಬಂದರು. ಕಾಂಡದ ಕೊನೆಗೆ ಬಂದು, ನೆಲ ಇನ್ನು ಮಾರುದ್ದ ಇದೆ ಅನ್ನುವಾಗ ನಿಂತರು.

"ಅಮ್ಮೀ, ಇಲ್ಲಿಂದ ಹಾರ್ಲಾ?"

"ಕೆಳಗೆ ಏನಿದೆ?"

"ಹುಲ್ಲು."

"ಹಾರು" ಅಂದರು ತಾಯಿ.